ಹಗುರ ಲಿನಕ್ಸ್: ಭಾರ ಎಲ್ಲಿದೆ ಎಂದು ಮೊದಲು ನೋಡಿ

ಹಳೆಯ ಕಂಪ್ಯೂಟರ್ ಹಿಡಿದು ನನ್ನಲ್ಲಿಗೆ ಬರುವವರು ಮೊದಲು ಕೇಳುವುದು, ಎಲ್ಲಕ್ಕಿಂತ ಹಗುರವಾದ ಲಿನಕ್ಸ್ ಯಾವುದು ಎಂಬ ಪ್ರಶ್ನೆಯನ್ನು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲವೆಂಬ ಕಾರಣಕ್ಕೆ ವಿಂಡೋಸ್ 11ಕ್ಕೆ ಹೋಗಲಾಗದ, ಆದರೆ ಇನ್ನೂ ಚೆನ್ನಾಗಿಯೇ ಕೆಲಸ ಮಾಡುವ ಯಂತ್ರಗಳ ಕುರಿತು ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ನಾನು ಯಾವ ಹೆಸರನ್ನೂ ತಕ್ಷಣ ಹೇಳುವುದಿಲ್ಲ. ಯಂತ್ರ ಎಲ್ಲಿ ಏದುಸಿರು ಬಿಡುತ್ತಿದೆ ಎಂದು ತಿಳಿಯದೆ ಕೊಟ್ಟ ಉತ್ತರ ಹೆಚ್ಚಿನ ಸಲ ತಪ್ಪಾಗುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. 4 ಜಿಬಿ ರ‍್ಯಾಮ್ ಇದ್ದ ಒಂದು ಲ್ಯಾಪ್‌ಟಾಪ್‌ಗೆ ಅದರ ಒಡೆಯರು ಒಂದಾದ ಮೇಲೊಂದರಂತೆ ಮೂರು ಡಿಸ್ಟ್ರೋಗಳನ್ನು (ಬೇರೆ ಬೇರೆ ತಂಡಗಳು ಜೋಡಿಸಿಕೊಡುವ ಲಿನಕ್ಸ್ ರೂಪಗಳನ್ನು) ಹಾಕಿ ನೋಡಿದ್ದರು. ಪ್ರತಿ ಸಲವೂ ಹಿಂದಿನದಕ್ಕಿಂತ ಹಗುರವಾದದ್ದನ್ನೇ ಆರಿಸಿದ್ದರು; ಆದರೂ ಬ್ರೌಸರ್ ತೆರೆದುಕೊಳ್ಳಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಟರ್ಮಿನಲ್‌ನಲ್ಲಿ ‘ಟಾಪ್’ ಕಮಾಂಡ್ ಕೊಟ್ಟು, ಮೇಲ್ಭಾಗದ ಸಿಪಿಯು ಸಾಲಿನಲ್ಲಿ ‘ಡಬ್ಲ್ಯೂಎ’ ಎಂಬ ಅಕ್ಷರಗಳ ಜೊತೆಗಿರುವ ಅಂಕಿಯನ್ನು ಗಮನಿಸುತ್ತಾ ಬ್ರೌಸರ್ ತೆರೆದೆ. ಅಂಕಿ 60ನ್ನು ದಾಟಿ ಅಲ್ಲೇ ನಿಂತಿತು. ಪ್ರೊಸೆಸರ್ ಬೇರೆ ಕೆಲಸವಿಲ್ಲದೆ, ಡಿಸ್ಕ್‌ನಿಂದ ದತ್ತಾಂಶ ಬರಲೆಂದು ಕಾಯುತ್ತಾ ಕಳೆಯುವ ಸಮಯದ ಶೇಕಡಾವಾರು ಲೆಕ್ಕ ಅದು. ಒಳಗಿದ್ದದ್ದು ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕ್. ಅದನ್ನು ತೆಗೆದು ತಿರುಗುವ ಭಾಗವಿಲ್ಲದ ಸಾಟಾ ಎಸ್‌ಎಸ್‌ಡಿ ಕೂರಿಸಿ, ಅವರು ಮೊದಲು ಕೈಬಿಟ್ಟಿದ್ದ ಡಿಸ್ಟ್ರೋವನ್ನೇ ಮತ್ತೆ ಹಾಕಿಕೊಟ್ಟೆ. ಬ್ರೌಸರ್ ಕೆಲವೇ ಸೆಕೆಂಡುಗಳಲ್ಲಿ ತೆರೆದುಕೊಂಡಿತು. ಡಿಸ್ಕ್ ನಿಧಾನವಾಗಿದ್ದರೆ ಯಾವ ಡಿಸ್ಟ್ರೋ ಬದಲಿಸಿದರೂ ಕಾಯುವುದು ತಪ್ಪುವುದಿಲ್ಲ.

ಡಿಸ್ಕ್ ಸರಿಯಿದೆ ಎಂದಾದರೆ ನಂತರ ಯೋಚಿಸಬೇಕಾದದ್ದು ಡೆಸ್ಕ್‌ಟಾಪ್ ಪರಿಸರದ ಬಗ್ಗೆ, ಅಂದರೆ ಪರದೆಯ ಮೇಲೆ ಕಾಣುವ ಕಿಟಕಿ, ಮೆನು, ಪಟ್ಟಿಗಳ ಹೊದಿಕೆಯ ಬಗ್ಗೆ. ಡಿಸ್ಟ್ರೋ ಮತ್ತು ಡೆಸ್ಕ್‌ಟಾಪ್ ಎರಡೂ ಒಂದೇ ಎಂದು ಭಾವಿಸಿದವರು ಬಹಳ ಮಂದಿ ಇದ್ದಾರೆ. ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ ಗ್ನೋಮ್, ಎಕ್ಸ್‌ಎಫ್‌ಸಿಇ, ಮಾಟೆ, ಎಲ್ಎಕ್ಸ್‌ಕ್ಯೂಟಿ ಮುಂತಾದವುಗಳಲ್ಲಿ ಯಾವುದು ಬೇಕೆಂದು ಅದೇ ಕೇಳುತ್ತದೆ; ಕರ್ನಲ್ (ವ್ಯವಸ್ಥೆಯ ತಿರುಳು) ಒಂದೇ, ಪ್ಯಾಕೇಜ್ (ತಂತ್ರಾಂಶ) ಭಂಡಾರವೂ ಒಂದೇ, ಆದರೆ ಈ ಒಂದು ಆಯ್ಕೆಯಿಂದ ಖಾಲಿ ಕುಳಿತ ಯಂತ್ರ ಬಳಸುವ ಮೆಮೊರಿ ಸುಮಾರು ಎರಡರಷ್ಟು ಹೆಚ್ಚು ಕಡಿಮೆ ಆಗುವುದನ್ನು ನಾನು ಕಂಡಿದ್ದೇನೆ. ಉಬುಂಟು ಭಾರ, ಲುಬುಂಟು ಹಗುರ ಎನ್ನುವ ಮಾತೂ ಬಹುಮಟ್ಟಿಗೆ ಡೆಸ್ಕ್‌ಟಾಪ್‌ನ ಮಾತೇ. 2018ರ 18.10 ಆವೃತ್ತಿಯಿಂದ ಲುಬುಂಟುವಿನಲ್ಲಿರುವುದು ಎಲ್ಎಕ್ಸ್‌ಕ್ಯೂಟಿ.

ನಾನು ಹೆಚ್ಚಾಗಿ ಹಾಕಿಕೊಡುವುದು ಎಕ್ಸ್‌ಎಫ್‌ಸಿಇ. 1996ರಲ್ಲಿ ಒಲಿವಿಯೇ ಫೂರ್ಡಾನ್ ಆರಂಭಿಸಿದ ಈ ಡೆಸ್ಕ್‌ಟಾಪ್, ಬಳಕೆದಾರ ಕಲಿತದ್ದನ್ನು ಮರೆಯುವಂತೆ ಒತ್ತಾಯಿಸದೆ ನಿಧಾನವಾಗಿ ಬೆಳೆದಿದೆ. ಮೆಮೊರಿಯ ಉಳಿತಾಯಕ್ಕಿಂತ ನನಗೆ ಮುಖ್ಯವಾದದ್ದು ಇನ್ನೊಂದು ಗುಣ. ಗ್ನೋಮ್ ತನ್ನ ಪರದೆಯನ್ನು ಗ್ರಾಫಿಕ್ಸ್ ಚಿಪ್‌ನ 3ಡಿ ಸಾಮರ್ಥ್ಯದಿಂದ ಬಿಡಿಸುತ್ತದೆ. ಚಿಪ್ ಹಳೆಯದಾಗಿ ಆ ಸಾಮರ್ಥ್ಯ ಒದಗದಿದ್ದರೆ ಅಷ್ಟೂ ಕೆಲಸ ಪ್ರೊಸೆಸರ್‌ನ ತಲೆಯ ಮೇಲೆ ಬೀಳುತ್ತದೆ, ಆಗ ಕಿಟಕಿಯೊಂದನ್ನು ಎಳೆದರೂ ಅದು ತಡವರಿಸುತ್ತದೆ. ಎಕ್ಸ್‌ಎಫ್‌ಸಿಇಯಲ್ಲಿ ಕಿಟಕಿ ನಿರ್ವಾಹಕದ ಸೆಟ್ಟಿಂಗ್‌ಗೆ ಹೋಗಿ ಕಂಪೋಸಿಟಿಂಗ್ (ಕಿಟಕಿಗಳಿಗೆ ಅಲಂಕಾರ ಸೇರಿಸಿ ಪರದೆ ಜೋಡಿಸುವ ಕೆಲಸ) ಅನ್ನು ನಿಲ್ಲಿಸಿಬಿಡಬಹುದು: ನೆರಳು, ಪಾರದರ್ಶಕತೆ ಹೋಗುತ್ತವೆ, ಚುರುಕು ಉಳಿಯುತ್ತದೆ. ಗ್ನೋಮ್ 2ರ ವಿನ್ಯಾಸಕ್ಕೆ ಒಗ್ಗಿದವರಿಗೆ ಮಾಟೆಯೂ ಒಳ್ಳೆಯದೇ. 2011ರಲ್ಲಿ ಗ್ನೋಮ್ 3 ಬಂದಾಗ ಹಳೆಯದನ್ನು ಉಳಿಸಿಕೊಳ್ಳಲೆಂದೇ ಹುಟ್ಟಿಕೊಂಡ ಕವಲು ಅದು.

ಡೆಸ್ಕ್‌ಟಾಪ್‌ನಲ್ಲಿ ಮುನ್ನೂರು ನಾನೂರು ಎಂಬಿ ಉಳಿಸಿ ಸಂತೋಷಪಟ್ಟವರು ಅದೇ ಮೆಮೊರಿಯನ್ನು ಬ್ರೌಸರ್‌ನ ಎರಡು ಮೂರು ಟ್ಯಾಬ್‌ಗಳಿಗೆ ಕೊಟ್ಟುಬಿಡುತ್ತಾರೆ ಎಂಬುದನ್ನು ನಾನು ಪ್ರತಿಯೊಬ್ಬರಿಗೂ ಬಿಡಿಸಿ ಹೇಳುತ್ತೇನೆ. ವೆಬ್‌ಪುಟಗಳೇ ಭಾರವಾಗಿವೆ; ಅವು ಹಗುರ ಡಿಸ್ಟ್ರೋದಲ್ಲಿ ತೆರೆದ ಮಾತ್ರಕ್ಕೆ ಹಗುರವಾಗುವುದಿಲ್ಲ. ಪರಿಸ್ಥಿತಿ ತಿಳಿಯಲು ‘ಫ್ರೀ’ ಕಮಾಂಡ್ ಬಳಸಿ, ಆದರೆ ‘ಫ್ರೀ’ ಎಂಬ ಕಂಬಸಾಲನ್ನಲ್ಲ, ಕೊನೆಯಲ್ಲಿರುವ ‘ಅವೈಲಬಲ್’ ಎಂಬುದನ್ನು ಓದಿ. ಬಳಕೆಯಲ್ಲಿಲ್ಲದ ಮೆಮೊರಿಯನ್ನು ಲಿನಕ್ಸ್ ಡಿಸ್ಕ್‌ನ ಕ್ಯಾಶ್‌ಗೆ ಬಳಸಿಕೊಂಡು, ಬೇಕಾದಾಗ ಬಿಟ್ಟುಕೊಡುತ್ತದೆ. ಇದು ತಿಳಿಯದೆ ‘ಫ್ರೀ’ ಅಂಕಿ ನೋಡಿ ಗಾಬರಿಯಾದವರು ಅನೇಕರು. 2 ಜಿಬಿ ಯಂತ್ರವಾದರೆ ನಾನು ತಪ್ಪದೆ ಝಡ್‌ರ‍್ಯಾಮ್ ಚಾಲೂ ಮಾಡುತ್ತೇನೆ. ಡಿಸ್ಕ್‌ಗೆ ಸ್ವಾಪ್ ಆಗಬೇಕಾದದ್ದನ್ನು, ಅಂದರೆ ಮೆಮೊರಿ ತುಂಬಿದಾಗ ಅಲ್ಲಿಗೆ ಸರಿಸಬೇಕಾದದ್ದನ್ನು, ಇದು ಸಂಕುಚಿಸಿ ರ‍್ಯಾಮ್‌ನಲ್ಲೇ ಇಡುತ್ತದೆ. ಫೆಡೋರಾದಲ್ಲಿ 2020ರ 33ನೇ ಆವೃತ್ತಿಯಿಂದ ಇದು ತಾನಾಗಿಯೇ ಇರುತ್ತದೆ, ಡೆಬಿಯನ್‌ನಲ್ಲಿ ಒಂದು ಸಣ್ಣ ಪ್ಯಾಕೇಜ್ ಹಾಕಿಕೊಳ್ಳಬೇಕು. ಇದರಿಂದ ಹತ್ತು ಟ್ಯಾಬ್ ತೆರೆದರೂ ಯಂತ್ರ ಹೆಪ್ಪುಗಟ್ಟುವುದಿಲ್ಲ ಎಂದು ಹೇಳಲಾರೆ, ಆದರೆ ನಾಲ್ಕು ಟ್ಯಾಬ್‌ಗಳ ನಡುವೆ ಓಡಾಡುವುದು ಸಹ್ಯವಾಗುತ್ತದೆ.

1 ಜಿಬಿ ಅಥವಾ ಅದಕ್ಕೂ ಕಡಿಮೆ ಮೆಮೊರಿಯ ಯಂತ್ರಗಳಿಗೆ ಆ್ಯಂಟಿಎಕ್ಸ್ ಮತ್ತು ಪಪ್ಪಿ ಎಂಬ ಡಿಸ್ಟ್ರೋಗಳಿವೆ. ಪಪ್ಪಿ ತನ್ನನ್ನು ರ‍್ಯಾಮ್‌ಗೆ ತುಂಬಿಕೊಂಡು ಅಲ್ಲಿಂದಲೇ ಓಡುವುದರಿಂದ ಡಿಸ್ಕ್ ಕೆಟ್ಟ ಯಂತ್ರಕ್ಕೂ ಜೀವ ಬರುತ್ತದೆ. ಬರೆಯಲು, ಹಾಡು ಕೇಳಲು, ಕಡತ ಉಳಿಸಿಕೊಳ್ಳಲು ಸಾಕು. ಇಂದಿನ ವೆಬ್‌ಗೆ ಸಾಲದು ಎಂದು ಮೊದಲೇ ತಿಳಿಸಿಬಿಡುವುದು ನ್ಯಾಯ. ಪ್ರೊಸೆಸರ್ 32 ಬಿಟ್‌ನದೇ ಎಂಬುದನ್ನೂ ‘ಎಲ್ಎಸ್‌ಸಿಪಿಯು’ ಕಮಾಂಡ್‌ನಿಂದ ಖಚಿತಪಡಿಸಿಕೊಳ್ಳಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಆದರೆ ಎಷ್ಟೋ ಯಂತ್ರಗಳಲ್ಲಿ 64 ಬಿಟ್ ಪ್ರೊಸೆಸರ್ ಇದ್ದರೂ ಹಿಂದೆ 32 ಬಿಟ್ ವಿಂಡೋಸ್ ಇತ್ತೆಂಬ ಕಾರಣಕ್ಕೆ ಒಡೆಯರು ಸುಮ್ಮನೆ ಆಸೆ ಬಿಟ್ಟಿರುತ್ತಾರೆ.

ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದ ಲೈವ್ ಆಗಿ (ಡಿಸ್ಕ್‌ಗೆ ಏನನ್ನೂ ಹಾಕದೆ) ಬೂಟ್ ಮಾಡಿ ಅರ್ಧ ಗಂಟೆ ನಿಮ್ಮ ನಿತ್ಯದ ಕೆಲಸವನ್ನೇ ಮಾಡಿ ನೋಡಿ. ವೈಫೈ ಸಿಗುತ್ತದೆಯೇ, ವಿಡಿಯೊ ಜೊತೆಗೆ ಧ್ವನಿ ಬರುತ್ತದೆಯೇ, ಮುಚ್ಚಳ ಮುಚ್ಚಿ ತೆರೆದಾಗ ಪರದೆ ಮರಳುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ವೇಗವನ್ನು ಮಾತ್ರ ಅಲ್ಲಿ ಅಳೆಯಬೇಡಿ: ಪ್ರೋಗ್ರಾಂ ತೆರೆಯಲು ತಡವಾದರೆ ಅದು ಪೆನ್‌ಡ್ರೈವ್‌ನ ನಿಧಾನ, ಮತ್ತು ಲೈವ್‌ನಲ್ಲಿ ನೀವು ಮಾಡುವ ಬದಲಾವಣೆಗಳೆಲ್ಲ ರ‍್ಯಾಮ್‌ನಲ್ಲೇ ಕೂರುವುದರಿಂದ ಮೆಮೊರಿಯ ಅಂಕಿಯೂ ನಿಜಕ್ಕಿಂತ ಸ್ವಲ್ಪ ಹೆಚ್ಚೇ ಕಾಣುತ್ತದೆ.