ಪದ ಪರಿಚಯ: ಟಿಯರ್‌ಡ್ರಾಪ್ ಟ್ರೈಲರ್

ಟಿಯರ್‌ಡ್ರಾಪ್ ಎಂದರೆ ಕಣ್ಣೀರ ಹನಿ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಇಬ್ಬರು ಮಲಗಬಹುದಾದ, ಆದರೆ ಒಬ್ಬರೂ ನೆಟ್ಟಗೆ ನಿಲ್ಲಲಾಗದ ಪುಟ್ಟ ಗೂಡಿಗೆ ಈ ಹೆಸರು. ಪಕ್ಕದಿಂದ ನೋಡಿದರೆ ಮುಂದೆ ದುಂಡಗೆ ಉಬ್ಬಿ, ಹಿಂದಕ್ಕೆ ಹೋದಂತೆ ಇಳಿಜಾರಾಗುವ ಆಕಾರ. ಹಿಂದಿನ ಇಳಿಜಾರು ನಿಜವಾಗಿ ಒಂದು ಮುಚ್ಚಳ. ಎತ್ತಿದರೆ ಕೆಳಗೆ ಅಡುಗೆಕಟ್ಟೆ, ಒಲೆ, ಡಬ್ಬಿಗಳ ಗೂಡು. ಮಲಗುವುದು ಒಳಗೆ, ಬೇಯಿಸುವುದು ಹೊರಗೆ ನಿಂತು. ಎತ್ತಿ ನಿಲ್ಲಿಸಿದ ಮುಚ್ಚಳವೇ ಅಡುಗೆ ಮಾಡುವವರಿಗೆ ಸೂರು. ಮೇಲಿನ ಬಾಗಿದ ಗೆರೆ, ಹಿಂದಿನ ಅಡುಗೆಕಟ್ಟೆ ಎರಡೂ ಇದ್ದರೆ ಅದು ಟಿಯರ್‌ಡ್ರಾಪ್. ಇದನ್ನು ಮನೆಯಲ್ಲೇ ಕಟ್ಟಲು ಹೊರಟವರ ಕಷ್ಟಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೂ ಇವೆರಡರಿಂದಲೇ.

ಹೆಸರಿನಲ್ಲಿ ಸಣ್ಣದೊಂದು ಸುಳ್ಳಿದೆ. ಬೀಳುವ ಹನಿ ಆ ಆಕಾರದಲ್ಲಿ ಇರುವುದೇ ಇಲ್ಲ. ಸಣ್ಣ ಮಳೆಹನಿ ಗುಂಡಗಿರುತ್ತದೆ. ದೊಡ್ಡದು ಕೆಳಗಿನಿಂದ ಒತ್ತುವ ಗಾಳಿಗೆ ಚಪ್ಪಟೆಯಾಗಿ ಬನ್ನಿನಂತಾಗುತ್ತದೆ. ಒಂದು ತುದಿ ಚೂಪು, ಇನ್ನೊಂದು ದುಂಡು ಎಂಬ ಹನಿ ಚಿತ್ರ ಬರೆಯುವವರ ಸೃಷ್ಟಿ. ಆದರೆ ಆ ಚಿತ್ರದ ಹನಿಗೆ ವಿಜ್ಞಾನದಲ್ಲೂ ಬೆಲೆಯಿದೆ. ದುಂಡು ಮೂತಿ ಮುಂದಾಗಿ, ಸಣ್ಣಗಾಗುವ ಬಾಲ ಹಿಂದಾಗಿ ಸಾಗುವ ವಸ್ತುವನ್ನು ಗಾಳಿ ಹೆಚ್ಚು ತಡೆಯುವುದಿಲ್ಲ. ಗಾಳಿಯ ತಡೆಯನ್ನು ಅಳೆಯುವ ಗುಣಾಂಕ ಗೋಲಕ್ಕೆ ಸುಮಾರು 0.47 ಇದ್ದರೆ, ಚೆನ್ನಾಗಿ ರೂಪಿಸಿದ ಹನಿಯಾಕಾರಕ್ಕೆ 0.04ರ ಆಸುಪಾಸು. 1930ರ ದಶಕದ ಅಮೆರಿಕದಲ್ಲಿ ಈ ಆಕಾರದ ಹುಚ್ಚು ಎಲ್ಲೆಡೆ ಹಬ್ಬಿತ್ತು. ಕಾರು, ರೈಲು ಹಾಗಿರಲಿ, ಇದ್ದಲ್ಲಿಂದ ಕದಲದ ಟೋಸ್ಟರಿಗೂ ಗಾಳಿ ಸೀಳುವ ಮೈ ಬಂತು. ಟಿಯರ್‌ಡ್ರಾಪ್ ಟ್ರೈಲರ್ ಆ ಕಾಲದ ಕೂಸು.

ಎರಡೂವರೆ ಮೀಟರ್ ಉದ್ದದ, ಪಕ್ಕಗಳು ಗೋಡೆಯಂತೆ ಚಪ್ಪಟೆಯಾಗಿರುವ ಪೆಟ್ಟಿಗೆಯನ್ನು ಹನಿ ಎನ್ನುವುದು ಸ್ವಲ್ಪ ಧಾರಾಳದ ಮಾತು ಎಂದೇ ನನ್ನ ಅಭಿಪ್ರಾಯ. ಅದನ್ನು ಎಳೆಯುವುದು ಸುಲಭವಾಗುವುದು ಬಹುಮಟ್ಟಿಗೆ ಅದು ಹಗುರವಾಗಿರುವುದರಿಂದ, ಕುಳ್ಳಗಿದ್ದು ಕಾರಿನ ಮರೆಯಲ್ಲೇ ಬರುವುದರಿಂದ. ದುಡಿಯುವುದು ಗಿಡ್ಡತನ, ಹೆಸರು ಬಂದದ್ದು ಬಾಗಿದ ಬೆನ್ನಿಗೆ.

ಅಳತೆಯ ಮೂಲ ಇನ್ನೂ ಸರಳ. ಪ್ಲೈವುಡ್ ಹಾಳೆಯ ರೂಢಿಯ ಅಳತೆ ನಾಲ್ಕಡಿಗೆ ಎಂಟಡಿ. ಹಳೆಯ ಟಿಯರ್‌ಡ್ರಾಪ್ ಕೂಡ ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದ. ನೆಲಕ್ಕೊಂದು ಹಾಳೆ, ಎರಡು ಪಕ್ಕಗಳಿಗೆ ಎರಡು. ಕತ್ತರಿಸಿ ಎಸೆಯುವುದು ಮೂಲೆಗಳ ಚೂರು ಮಾತ್ರ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಮಿಕ್ಕ ಅಲ್ಯೂಮಿನಿಯಂ ತಗಡು, ಜೀಪಿನ ಚಕ್ರಗಳು ಇದಕ್ಕೆ ಒದಗಿಬಂದವು. 1947ರಲ್ಲಿ ‘ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್’ ಪತ್ರಿಕೆ ಮನೆಯಲ್ಲೇ ಕಟ್ಟಿಕೊಳ್ಳುವವರಿಗಾಗಿ ನಕ್ಷೆಯನ್ನೂ ಅಚ್ಚುಹಾಕಿತು. ಇಂದಿಗೂ ಕಟ್ಟುವವರ ನಡುವೆ ‘ನಾಲ್ಕು-ಎಂಟು’, ‘ಐದು-ಹತ್ತು’ ಎಂದರೆ ಸಾಕು, ಟ್ರೈಲರಿನ ಗಾತ್ರ ತಿಳಿದುಹೋಗುತ್ತದೆ. ಐದು-ಹತ್ತರಲ್ಲಿ ಹಾಸಿಗೆ ಅಗಲವಾಗುತ್ತದೆ, ಕಾಲು ಚಾಚಬಹುದು. ಆದರೆ ಆ ಅಳತೆಗೆ ಒಂದೇ ಹಾಳೆ ಸಾಲದು, ಜೋಡಿಸಬೇಕು. ಜೋಡಿಸಿದ ಪ್ರತಿ ಗೆರೆಯೂ ಮುಂದೊಂದು ದಿನ ನೀರಿಗೆ ದಾರಿ.

ಈಗ ಬಾಗಿದ ಗೆರೆಗೆ ಬರೋಣ. ಕಾಗದದ ಮೇಲೆ ಅದನ್ನು ಎಳೆಯಲು ಒಂದು ನಿಮಿಷ ಸಾಕು. ಪಕ್ಕದ ಹಾಳೆಗಳನ್ನು ಆ ಗೆರೆಗೆ ಕತ್ತರಿಸುವುದೂ ಕಷ್ಟವಲ್ಲ. ಎರಡನ್ನೂ ಒಂದರ ಮೇಲೊಂದಿಟ್ಟು ಬಿಗಿದು ಒಟ್ಟಿಗೆ ಕತ್ತರಿಸಿದರೆ ಎಡಬಲ ಒಂದೇ ಆಗುತ್ತವೆ. ಕಷ್ಟ ಶುರುವಾಗುವುದು ಆ ಗೆರೆಯ ಮೇಲೆ ಚಾವಣಿ ಹೊದಿಸುವಾಗ. ದಪ್ಪ ಪ್ಲೈವುಡ್ ಬಾಗುವುದಿಲ್ಲ, ಮುರಿಯುತ್ತದೆ. ಆದ್ದರಿಂದ ಮೂರು ಮಿಲಿಮೀಟರಿನ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸುತ್ತ ಹೋಗುತ್ತಾರೆ. ಮೇಲ್ಪದರದ ಎಳೆ ಟ್ರೈಲರಿಗೆ ಅಡ್ಡಲಾಗಿ ಬರುವಂತೆ ಇಟ್ಟರೆ ಹಾಳೆ ಒಗ್ಗುತ್ತದೆ. ಉದ್ದಕ್ಕಿಟ್ಟರೆ ಮೊಂಡು ಹಿಡಿಯುತ್ತದೆ. ಕೆಲವರು ಹೊರಮೈಗೆ ಬಿಸಿನೀರು ಸವರಿ ಮೆತ್ತಗೆ ಮಾಡುತ್ತಾರೆ. ಇನ್ನು ಕೆಲವರು ದಪ್ಪ ಹಾಳೆಯ ಒಳಮೈಯಲ್ಲಿ ಗರಗಸದಿಂದ ಸಾಲಾಗಿ ಗೀರು ಹಾಕಿ ಬಾಗಿಸುತ್ತಾರೆ. ಗೀರುಗಳ ನಡುವಿನ ಅಂತರ ಹೆಚ್ಚಿದರೆ ನಯವಾದ ಬಾಗಿನ ಬದಲು ಪಟ್ಟೆಪಟ್ಟೆಯಾದ ಮೂಲೆಗಳು ಬರುತ್ತವೆ.

ಚಾವಣಿಯನ್ನಾದರೂ ಪಕ್ಕದ ಗೋಡೆಗಳು ಹಿಡಿದು ಕೂರಿಸುತ್ತವೆ. ಹಿಂದಿನ ಮುಚ್ಚಳಕ್ಕೆ ಆ ಆಸರೆ ಇಲ್ಲ. ಅದು ಬಾಗಿರಬೇಕು, ಹಗುರವಾಗಿರಬೇಕು, ಯಾರೂ ಹಿಡಿದುಕೊಳ್ಳದಿದ್ದರೂ ಆ ಬಾಗನ್ನು ಬಿಡಬಾರದು. ಪ್ಲೈವುಡ್ಡಿನ ಪಕ್ಕೆಲುಬುಗಳನ್ನು ಕತ್ತರಿಸಿ, ಮೇಲೊಂದು ತೆಳು ಹಾಳೆ ಅಂಟಿಸಿ, ಬಿಗಿಹಿಡಿಗಳನ್ನು ಹಾಕಿ ರಾತ್ರಿಯಿಡೀ ಬಿಡುತ್ತೀರಿ. ಬೆಳಿಗ್ಗೆ ಬಿಗಿಹಿಡಿ ಬಿಚ್ಚಿದೊಡನೆ ಹಾಳೆ ತನ್ನ ಹಳೆಯ ಚಪ್ಪಟೆ ಬದುಕನ್ನು ನೆನೆದು ಮೆಲ್ಲನೆ ಬಿಚ್ಚಿಕೊಳ್ಳುತ್ತದೆ. ಮೇಲ್ಗಡೆ ಎಲ್ಲ ಸರಿಯಾಗಿ ಕೂತಿದೆ, ಕೆಳತುದಿ ಮಾತ್ರ ಮೈಯಿಂದ ಎರಡು ಬೆರಳು ದೂರ ನಿಂತಿದೆ. ಕಟ್ಟುವವರ ಬಾಯಲ್ಲಿ ಇದು ‘ಸ್ಪ್ರಿಂಗ್‌ಬ್ಯಾಕ್’, ಅಂದರೆ ಮರಳಿ ಚಿಮ್ಮುವುದು. ಪೆಟ್ಟಿಗೆಯ ಮೇಲೆಯೇ ಇಟ್ಟು, ಒಳಗೂ ಹೊರಗೂ ಎರಡು ಹಾಳೆ ಅಂಟಿಸಿ, ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಅಲ್ಲಿಂದ ಕದಲಿಸದಿರುವುದು ಒಂದು ಉಪಾಯ. ಪಕ್ಕೆಲುಬುಗಳನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಾಗಿಸಿ ಕತ್ತರಿಸುವುದು ಇನ್ನೊಂದು. ಎಷ್ಟು ಹೆಚ್ಚು ಎಂಬುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಅದು ಆ ಹಾಳೆಯ ಸ್ವಭಾವಕ್ಕೆ ಬಿಟ್ಟದ್ದು.

ಇಷ್ಟಕ್ಕೂ ಮುಗಿಯಲಿಲ್ಲ. ಮುಚ್ಚಳ ಎತ್ತಿ ನಿಲ್ಲಿಸಲು ಗ್ಯಾಸ್ ತುಂಬಿದ ದಂಡಗಳನ್ನು ಹಾಕುತ್ತಾರೆ, ಕಾರಿನ ಡಿಕ್ಕಿಗೆ ಇರುವಂಥವು. ಅವು ಮುಚ್ಚಳ ಮುಚ್ಚಿರುವಾಗಲೂ ಸುಮ್ಮನಿರುವುದಿಲ್ಲ, ಸದಾ ತಳ್ಳುತ್ತಲೇ ಇರುತ್ತವೆ. ಬೇಕಾದ್ದಕ್ಕಿಂತ ಬಲವಾದ ದಂಡ ಹಾಕಿದರೆ, ಕಷ್ಟಪಟ್ಟು ತಂದ ಬಾಗು ತಿಂಗಳುಗಟ್ಟಲೆ ಒತ್ತಿಸಿಕೊಂಡು ಮತ್ತೆ ಬಿಚ್ಚಿಕೊಳ್ಳತೊಡಗುತ್ತದೆ.

ಮುಚ್ಚಳ ಮತ್ತು ಚಾವಣಿ ಕೂಡುವ ಜಾಗದಲ್ಲಿ ಕೂರುವ ಕೀಲಿಗೆ ‘ಹರಿಕೇನ್ ಹಿಂಜ್’ ಎಂಬ ಭಾರಿ ಹೆಸರಿದೆ; ಹರಿಕೇನ್ ಎಂದರೆ ಚಂಡಮಾರುತ. ಟ್ರೈಲರಿನ ಅಗಲದುದ್ದಕ್ಕೂ ಎರಡು ಅಲ್ಯೂಮಿನಿಯಂ ಪಟ್ಟಿಗಳು. ಒಂದರ ಕೊಕ್ಕೆಯೊಳಗೆ ಇನ್ನೊಂದರ ಅಂಚು ಸೇರಿ ಹೊರಳುತ್ತದೆ. ನಡುವೆ ನೀರು ಇಳಿಯುವುದಿಲ್ಲ ಎನ್ನುವುದು ಬಹುಪಾಲು ನಿಜ. ಆದರೆ ನೀರು ನಡುವೆ ಇಳಿಯಲು ಕಾಯುವುದಿಲ್ಲ. ಕೀಲಿನ ಗುಂಟ ಹರಿದು ಎರಡೂ ತುದಿಗಳಲ್ಲಿ ಒಳನುಗ್ಗುತ್ತದೆ. ಅಲ್ಲಿಂದ ಪಕ್ಕದ ಗೋಡೆಯ ಅಂಚಿಗೆ, ಅಂಚಿನಿಂದ ಪ್ಲೈವುಡ್ಡಿನ ಪದರಗಳ ನಡುವಿಗೆ. ಪ್ಲೈವುಡ್ ಮೈಯಿಂದ ಹೀರುವುದಕ್ಕಿಂತ ಅಂಚಿನಿಂದ ಹೀರುವುದು ಬಹಳ ಹೆಚ್ಚು. ರಾತ್ರಿ ಮಳೆ ಸುರಿದು ನಿಂತಿದೆ ಎಂದುಕೊಳ್ಳಿ. ಬೆಳಿಗ್ಗೆ ಚಹಾಕ್ಕೆಂದು ಮುಚ್ಚಳ ಎತ್ತುತ್ತೀರಿ. ಅಂಚಿನ ಕಾಲುವೆಯಲ್ಲಿ ನಿಂತಿದ್ದ ನೀರು ನೇರ ಅಂಗಿಯ ತೋಳಿನೊಳಗೆ ಇಳಿದು ಮೊಳಕೈವರೆಗೆ ಹರಿಯುತ್ತದೆ. ಆ ಕಾಲುವೆಗೆ ಕೆಳಗೆ ತೂತು ಕೊರೆಯಲು ಮರೆತವರಿಗೆ ಮಾತ್ರ ಈ ಸ್ನಾನ.

ಸೋರುವ ಕಡೆಗೆಲ್ಲ ಸಿಲಿಕೋನ್ ಬಳಿಯುವುದು ಹೊಸಬರ ಮೊದಲ ಯೋಚನೆ, ಮತ್ತು ಕೆಟ್ಟ ಯೋಚನೆ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ; ಮುಂದೆ ದುರಸ್ತಿಗೆ ಹೋದರೆ ಬೇರಾವ ಅಂಟೂ ಹಿಡಿಯುವುದಿಲ್ಲ. ಬಲ್ಲವರು ಅಂಚುಪಟ್ಟಿಗಳ ಕೆಳಗೆ ಬ್ಯುಟೈಲ್ ಎಂಬ ರಬ್ಬರಿನ ಟೇಪ್ ಇಡುತ್ತಾರೆ. ಅದು ಎಂದಿಗೂ ಪೂರ್ತಿ ಒಣಗದೆ ಜಿಗುಟಾಗಿಯೇ ಉಳಿದು, ಪ್ಲೈವುಡ್ಡಿನ ಮೇಲೆ ಹೊದಿಸಿದ ಅಲ್ಯೂಮಿನಿಯಂ ತಗಡು ಅಲುಗಿದಂತೆ ತಾನೂ ಅಲುಗುತ್ತದೆ. ತಗಡು ಅಲುಗುವುದು ಬರಿಯ ರಸ್ತೆಯ ಕುಲುಕಾಟಕ್ಕಲ್ಲ. ಎಂಟಡಿಯ ಅಲ್ಯೂಮಿನಿಯಂ ಹಾಳೆ ಚಳಿಯ ಬೆಳಗಿನಿಂದ ಸುಡು ಮಧ್ಯಾಹ್ನದ ಹೊತ್ತಿಗೆ ತಾನೇ 40 ಡಿಗ್ರಿ ಬಿಸಿಯೇರಿದರೆ ಎರಡು ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಕೆಳಗಿನ ಪ್ಲೈವುಡ್ ಅಷ್ಟು ಹಿಗ್ಗುವುದಿಲ್ಲ. ತಗಡನ್ನು ಪೂರ್ತಿ ಅಂಟಿಸಿ ಕೂರಿಸಿದ್ದರೆ ಅಂಟು ಬಿಟ್ಟ ಕಡೆಯಲ್ಲೆಲ್ಲ ಉಬ್ಬು ಏಳುತ್ತದೆ. ಅದಕ್ಕೇ ಹಲವರು ಮೈಗೆ ಅಂಟು ಹಾಕದೆ, ಅಂಚುಪಟ್ಟಿಗಳಲ್ಲಿ ಮಾತ್ರ ಹಿಡಿದು, ತಗಡನ್ನು ಅದರ ಪಾಡಿಗೆ ಬಿಡುತ್ತಾರೆ. ಅಲ್ಯೂಮಿನಿಯಮ್ಮಿಗೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ತೇವ ತಗುಲಿದಾಗ ಸ್ಕ್ರೂ ಸುತ್ತಲಿನ ಅಲ್ಯೂಮಿನಿಯಂ ಸವೆಯುತ್ತ ಹೋಗುತ್ತದೆ ಎಂಬುದನ್ನು ಬೇರೆ ನೆನಪಿಡಬೇಕು.

ಹಿಂದಿನ ಅಡುಗೆಕಟ್ಟೆ ತರುವ ತೊಡಕು ಬೇರೆ ಬಗೆಯದು: ತೂಕ. ಟ್ರೈಲರಿನಿಂದ ಮುಂದೆ ಚಾಚಿ ಕಾರಿನ ಕೊಕ್ಕೆಗೆ ತಗಲುವ ಕಂಬಿಗೆ ಇಂಗ್ಲಿಷಿನವರು ನಾಲಗೆ ಎನ್ನುತ್ತಾರೆ. ನಮಗೆ ಹೊಸ ಪದ ಬೇಕಿಲ್ಲ. ಗಾಡಿಯ ಮೂಕಿ ಎಂದರೆ ಅದೇ. ಹಿಂಭಾರವಾದ ಗಾಡಿಯ ಮೂಕಿ ಮೇಲೇಳುತ್ತದೆ ಎಂಬುದು ಗಾಡಿಗೆ ಹೇರು ಹೇರಿದವರಿಗೆಲ್ಲ ಗೊತ್ತು. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ಮೇಲೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ವೇಗ ಏರಿದಂತೆ ಟ್ರೈಲರ್ ಬಾಲ ಬೀಸತೊಡಗಿ, ಕೊನೆಗೆ ಕಾರನ್ನೇ ಅಲ್ಲಾಡಿಸುತ್ತದೆ. ತೀರ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ.

ಟಿಯರ್‌ಡ್ರಾಪಿನಲ್ಲಿ ಮುಂದಿರುವುದು ಹಗುರವಾದ ಹಾಸಿಗೆ. ಒಲೆ, ಪಾತ್ರೆ, ಐಸ್ ಪೆಟ್ಟಿಗೆ, ನೀರು ಎಲ್ಲವೂ ಚಕ್ರಗಳ ಅಚ್ಚಿನ ಹಿಂದೆ. ಒಂದು ಲೆಕ್ಕ ನೋಡಿ. ಟ್ರೈಲರ್ 500 ಕಿಲೋ, ಮೂಕಿಯ ಮೇಲೆ 55 ಕಿಲೋ. ಹನ್ನೊಂದು ಪಾಲು, ಸರಿಯಾಗಿದೆ. ಕೊಕ್ಕೆ ಅಚ್ಚಿನಿಂದ 2.4 ಮೀಟರ್ ಮುಂದಿದೆ. ಈಗ 20 ಲೀಟರಿನ ನೀರಿನ ಕ್ಯಾನನ್ನು ಅಚ್ಚಿನಿಂದ 1.2 ಮೀಟರ್ ಹಿಂದೆ, ಅಡುಗೆಕಟ್ಟೆಯ ಕೆಳಗೆ ಇಡಿ. ಮೂಕಿಯ ಮೇಲಿನ 10 ಕಿಲೋ ಹಾರಿಹೋಯಿತು. ಒಟ್ಟು 520ರಲ್ಲಿ 45 ಎಂದರೆ ಒಂಬತ್ತು ಪಾಲೂ ಇಲ್ಲ. ಒಂದೇ ಒಂದು ಕ್ಯಾನು! ಅಚ್ಚನ್ನು ಪೆಟ್ಟಿಗೆಯ ನಟ್ಟನಡುವಿಗಿಂತ ಹಿಂದಕ್ಕೆ ಕೂರಿಸುವುದು, ಬ್ಯಾಟರಿಯನ್ನೂ ಹತಾರ ಪೆಟ್ಟಿಗೆಯನ್ನೂ ಮೂಕಿಯ ಮೇಲೆ ಕಟ್ಟುವುದು ಇದಕ್ಕಾಗಿಯೇ. ಮೂಕಿಭಾರ ಅಳೆಯಲು ದೊಡ್ಡ ಸಾಧನ ಬೇಡ: ಮನುಷ್ಯರು ನಿಂತು ತೂಗಿಕೊಳ್ಳುವ ಯಂತ್ರದ ಮೇಲೆ ಕೊಕ್ಕೆಯ ಎತ್ತರಕ್ಕೆ ಮರದ ದಿಮ್ಮಿಯಿಟ್ಟು ಮೂಕಿ ಊರಿದರಾಯಿತು. ಪ್ರವಾಸಕ್ಕೆ ಹೊರಡುವ ಸಾಮಾನೆಲ್ಲ ತುಂಬಿದ ಮೇಲೆಯೇ ಅಳೆಯಬೇಕು. ಖಾಲಿ ಟ್ರೈಲರ್ ಯಾವಾಗಲೂ ಒಳ್ಳೆಯ ಮಗುವಿನಂತೆಯೇ ನಡೆದುಕೊಳ್ಳುತ್ತದೆ.

ಇನ್ನು ಉಸಿರು. ಎಲ್ಲ ಸಂದುಗಳನ್ನೂ ಮುಚ್ಚಿ ಗೆದ್ದ ಮೇಲೆ ಒಳಗೆ ಮಲಗಿದ ಇಬ್ಬರ ಉಸಿರಿನ ತೇವ ಹೊರಹೋಗಲು ದಾರಿಯಿಲ್ಲದೆ ತಣ್ಣನೆಯ ಚಾವಣಿಗೆ ತಗುಲಿ ಹನಿಗಟ್ಟುತ್ತದೆ. ಸೋರಿಕೆಯೆಂದು ಹೊರಗೆಲ್ಲ ಹುಡುಕಾಡಿದವರಿಗೆ ಅದು ತಮ್ಮದೇ ಉಸಿರೆಂದು ತಿಳಿಯಲು ಕೆಲವು ರಾತ್ರಿಗಳು ಬೇಕಾಗುತ್ತವೆ. ಚಾವಣಿಗೊಂದು ಗಾಳಿಕಿಂಡಿ, ಕೆಳಗೆಲ್ಲಾದರೂ ಇನ್ನೊಂದು, ಎರಡೂ ಇರಲೇಬೇಕು. ಚಳಿಯೆಂದು ಒಲೆಯನ್ನು ಒಳಗೆ ತಂದು ಹಚ್ಚುವುದಂತೂ ಪ್ರಾಣಕ್ಕೇ ಅಪಾಯ; ಇಷ್ಟು ಚಿಕ್ಕ ಗೂಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಲು ಹೆಚ್ಚು ಹೊತ್ತು ಬೇಕಿಲ್ಲ.

ಬಾಗಿಗೆ ಸೋತವರು ಕಂಡುಕೊಂಡ ರೂಪಕ್ಕೆ ‘ಸ್ಕ್ವೇರ್‌ಡ್ರಾಪ್’ ಎಂದು ಹೆಸರು: ಚೌಕ ಹನಿ. ಅದೇ ಅಳತೆ, ಅದೇ ಹಿಂದಿನ ಅಡುಗೆಕಟ್ಟೆ, ಆದರೆ ಗೆರೆಗಳೆಲ್ಲ ನೇರ. ಮುಚ್ಚಳ ಚಪ್ಪಟೆ, ಚಿಮ್ಮುವ ಮಾತೇ ಇಲ್ಲ. ಒಳಗೆ ಜಾಗವೂ ಹೆಚ್ಚು. ಚೌಕವಾದ ಹನಿ ಯಾವ ಕಣ್ಣಿನಿಂದ ಬಿದ್ದೀತು ಎಂದು ಕೇಳುವವರಿಗೆ ಅದನ್ನು ಕಟ್ಟಿದವರು ಉತ್ತರ ಕೊಡಲು ಹೋಗುವುದಿಲ್ಲ. ಅವರು ಆಗಲೇ ಕೀಲಿನ ತುದಿಯಲ್ಲಿ ಟೇಪ್ ಒತ್ತುತ್ತಿರುತ್ತಾರೆ. ಅಲ್ಲಿ ಮಾತ್ರ ಎರಡು ಬಗೆಯವೂ ಒಂದೇ ರೀತಿ ಸೋರುತ್ತವೆ.