ಇಡುಗಂಟು ಯಾರ ಕೈಯಲ್ಲಿ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಿಂದ ಇತ್ತೀಚೆಗೆ ನಿವೃತ್ತರಾದ ನಮ್ಮ ನೆರೆಮನೆಯವರು ಒಂದು ಸಂಜೆ ಅರ್ಜಿಯೊಂದನ್ನು ತಂದು ನನ್ನ ಮುಂದಿಟ್ಟರು. ಕಂಪನಿಯ ಸೂಪರ್‌ಆನ್ಯುಯೇಶನ್ ನಿಧಿಯಲ್ಲಿ, ಅಂದರೆ ನೌಕರರ ನಿವೃತ್ತಿಗೆಂದು ಕಂಪನಿ ಹಣ ಕಟ್ಟುವ ನಿಧಿಯಲ್ಲಿ, ಅವರ ಹೆಸರಿಗೆ ಜಮೆಯಾದ ಹಣದಲ್ಲಿ ಮೂರನೆಯ ಒಂದು ಭಾಗವನ್ನು ಇಡುಗಂಟಾಗಿ ಪಡೆದು, ಉಳಿದುದಕ್ಕೆ ವಿಮಾ ಕಂಪನಿಯಿಂದ ವರ್ಷಾಶನ, ಅಂದರೆ ಒಟ್ಟಿಗೆ ಹಣ ಕೊಟ್ಟರೆ ಪ್ರತಿಯಾಗಿ ತಿಂಗಳುತಿಂಗಳು ಹಣ ಬರುವ ಆನ್ಯುಯಿಟಿ, ಕೊಳ್ಳಬೇಕಿತ್ತು. ಗುರುತು ಹಾಕಲು ಸಾಲಾಗಿ ಚೌಕಗಳಿದ್ದವು: ತಾವು ಬದುಕಿರುವವರೆಗೆ ಮಾತ್ರ, ತಮ್ಮ ನಂತರ ಪತ್ನಿಗೂ, ಇಬ್ಬರ ನಂತರ ಅಸಲು ಮಕ್ಕಳಿಗೆ ವಾಪಸು. ಕೊನೆಯದನ್ನು ಆರಿಸಿದರೆ ತಿಂಗಳ ಮೊತ್ತ ಎಲ್ಲಕ್ಕಿಂತ ಕಡಿಮೆ. ಒಮ್ಮೆ ಆರಿಸಿದ ಮೇಲೆ ಸಾಮಾನ್ಯವಾಗಿ ಬದಲಾವಣೆಗೆ ಅವಕಾಶವಿಲ್ಲ. ಕೊಂಡ ದಿನದ ದರವೇ ಆಯುಷ್ಯಪೂರ್ತಿಯ ದರ. "ದುಡಿದದ್ದು ಕಾರ್ಖಾನೆಗೆ, ಕೊಡೋರು ಇನ್ಯಾರೋ. ನಾಳೆ ಅವರೇ ಇಲ್ಲ ಅಂದ್ರೆ ಯಾರನ್ನ ಕೇಳೋದು ಸಾರ್?" ಎಂದರು. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಮೈಸೂರಿನವರಿಗೆ ವಿಮೆ ಹೊಸದಲ್ಲ. ಸಂಸ್ಥಾನದ ಸರ್ಕಾರ 1891ರಲ್ಲೇ ತನ್ನ ನೌಕರರಿಗಾಗಿ ಜೀವವಿಮೆ ಆರಂಭಿಸಿತ್ತು. ಇಂದಿನ ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಅದರ ಮುಂದುವರಿಕೆ. ಅಲ್ಲಿ ಸಂಬಳ ಕೊಡುವವರೂ ವಿಮೆಯ ಹೊಣೆ ಹೊರುವವರೂ ಒಂದೇ ಸರ್ಕಾರವಾಗಿದ್ದುದರಿಂದ ಕೇಳಬೇಕಾದ ಬಾಗಿಲೂ ಒಂದೇ ಆಗಿತ್ತು. ಖಾಸಗಿ ಕಾರ್ಮಿಕರಿಗೆ 1952ರ ಭವಿಷ್ಯನಿಧಿ ಕಾಯ್ದೆ, 1971ರ ಕುಟುಂಬ ಪಿಂಚಣಿ, 1995ರ ನವೆಂಬರ್ 16ರಿಂದ ನೌಕರರ ಪಿಂಚಣಿ ಯೋಜನೆ (ಇಪಿಎಸ್) ಬಂದವು. ಇಪಿಎಸ್ ಕೊಡುವುದು ಬಹಳ ಕಡಿಮೆ. 15,000 ರೂಪಾಯಿ ವೇತನಮಿತಿಯಲ್ಲಿ ಲೆಕ್ಕ ಹಾಕಿದರೆ, ಸಂಬಳವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವ ಸೂತ್ರದಂತೆ, 35 ವರ್ಷ ದುಡಿದವರಿಗೂ ದಕ್ಕುವುದು ತಿಂಗಳಿಗೆ 7,500. 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ 1,000. ಈ ಮೊತ್ತವನ್ನು ಸಮರ್ಥಿಸಲು ನನ್ನಿಂದಾಗದು. ಆದರೂ ಅದರಲ್ಲಿ ಒಂದು ಗಟ್ಟಿತನವಿದೆ. ನಮ್ಮೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂಥ ಕಾರ್ಖಾನೆಗಳು ಮುಚ್ಚಿದರೂ ಇಪಿಎಸ್‌ಗೆ ಸಂದ ಹಣ ಮಾಲೀಕರ ಬಳಿ ಉಳಿದಿರುವುದಿಲ್ಲವಾದ್ದರಿಂದ ಹಕ್ಕು ಅಳಿಯುವುದಿಲ್ಲ.

ಸರ್ಕಾರಿ ನೌಕರರ ಪಿಂಚಣಿಯ ದಿಕ್ಕು ಬದಲಾದದ್ದು 2004ರ ಜನವರಿ 1ರಿಂದ ಕೇಂದ್ರದಲ್ಲಿ, 2006ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ. ಕೊನೆಯ ಸಂಬಳದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ ಎಂಬ ಹಳೆಯ ಪದ್ಧತಿಯ ಜಾಗಕ್ಕೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಅಂದರೆ ಎನ್‌ಪಿಎಸ್ ಬಂತು. ಆ ವ್ಯವಸ್ಥೆಯಲ್ಲಿ ನೌಕರನ ಹಣವನ್ನು ನಿಧಿ ನಿರ್ವಾಹಕರು ಷೇರು ಮತ್ತು ಸಾಲಪತ್ರಗಳಲ್ಲಿ ತೊಡಗಿಸುತ್ತಾರೆ. ನಿವೃತ್ತಿಯಾದಾಗ ಸರ್ಕಾರಿ ನೌಕರ ಕನಿಷ್ಠ ಶೇ. 40ರಷ್ಟಕ್ಕೆ ವಿಮಾ ಕಂಪನಿಯಿಂದ ವರ್ಷಾಶನ ಕೊಳ್ಳಬೇಕು. ಸಾಮಾನ್ಯ ವರ್ಷಾಶನಕ್ಕೆ ತುಟ್ಟಿಭತ್ಯೆ ಇಲ್ಲ. ಬೆಲೆಯೇರಿಕೆಯ ಹೊರೆ ಹೀಗೆ ಸದ್ದಿಲ್ಲದೆ ಸರ್ಕಾರದ ಹೆಗಲಿನಿಂದ ನಿವೃತ್ತನ ಹೆಗಲಿಗೆ ಜಾರಿತು.

ವರ್ಷಾಶನ ಕೊಡಬೇಕಾದ ಕಂಪನಿಯೇ ಕುಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪೆಸಿಫಿಕ್ ಲಂಬರ್ ಎಂಬ ಮರದ ಕಂಪನಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1986ರಲ್ಲಿ ಮ್ಯಾಕ್ಸಾಮ್ ಎಂಬ ಸಂಸ್ಥೆ ಅದನ್ನು ಸಾಲದ ಹಣದಿಂದ ಕೊಂಡಿತು. ಬಳಿಕ ಕಾರ್ಮಿಕರ ಪಿಂಚಣಿ ನಿಧಿಯನ್ನು ಮುಚ್ಚಿ, ಅದರ ಒಂದು ಭಾಗದಿಂದ ಎಕ್ಸಿಕ್ಯುಟಿವ್ ಲೈಫ್ ಎಂಬ ವಿಮಾ ಕಂಪನಿಯ ವರ್ಷಾಶನ ಕೊಂಡು, ಮಿಕ್ಕ ಐದು ಕೋಟಿ ಡಾಲರ್‌ಗೂ ಹೆಚ್ಚಿನ ಹಣವನ್ನು ಕಂಪನಿಗೆ ಸೆಳೆದುಕೊಂಡಿತು. ಇನ್ನೂ ಕಳವಳದ ಸಂಗತಿಯೆಂದರೆ, ಆ ಖರೀದಿಗೆ ಹಣ ಒದಗಿಸಿದ ಅಪಾಯಕಾರಿ ಸಾಲಪತ್ರಗಳಲ್ಲಿ ಒಂದಷ್ಟನ್ನು ಕೊಂಡದ್ದೂ ಅದೇ ವಿಮಾ ಕಂಪನಿ. 1991ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಆ ವಿಮಾ ಕಂಪನಿಯನ್ನು ವಶಕ್ಕೆ ತೆಗೆದುಕೊಂಡಿತು. ನಿವೃತ್ತರು ಕೆಲಕಾಲ ತಮಗೆ ಬರಬೇಕಾದುದರಲ್ಲಿ ಸುಮಾರು ಶೇ. 70ರಷ್ಟನ್ನು ಮಾತ್ರ ಪಡೆದರು. ಪಿಂಚಣಿ ನಿಧಿಗಳನ್ನು ಕಾಯಲು 1974ರ ಕಾಯ್ದೆಯಡಿ ಸ್ಥಾಪನೆಯಾಗಿದ್ದ ಕೇಂದ್ರ ಖಾತರಿ ಸಂಸ್ಥೆಯ ರಕ್ಷಣೆ ಅವರಿಗಿರಲಿಲ್ಲ, ಏಕೆಂದರೆ ಪಿಂಚಣಿ ವಿಮಾ ಕಂಪನಿಗೆ ದಾಟಿದ ಕ್ಷಣವೇ ಆ ಖಾತರಿಯೂ ಮುಗಿಯುತ್ತದೆ. ಈ ವರ್ಗಾವಣೆಗಳು ಅಲ್ಲಿಗೆ ನಿಲ್ಲಲಿಲ್ಲ. 2012ರಲ್ಲಿ ಜನರಲ್ ಮೋಟಾರ್ಸ್ ಮತ್ತು ವೆರೈಝನ್ ತಮ್ಮ ನಿವೃತ್ತರ ಪಿಂಚಣಿಯ ಒಂದು ದೊಡ್ಡ ಭಾಗವನ್ನು ವಿಮಾ ಕಂಪನಿಯಾದ ಪ್ರುಡೆನ್ಶಿಯಲ್‌ಗೆ ಒಪ್ಪಿಸಿದವು. 2023ರಲ್ಲಿ ಎಟಿ ಆ್ಯಂಡ್ ಟಿ ಸುಮಾರು 800 ಕೋಟಿ ಡಾಲರ್‌ನ ಹೊಣೆಯನ್ನು ಅಪೋಲೊ ಎಂಬ ಬಂಡವಾಳ ಸಂಸ್ಥೆಯ ಒಡೆತನದ ವಿಮಾ ಕಂಪನಿ ಅಥೀನ್‌ಗೆ ವರ್ಗಾಯಿಸಿತು. ಅದನ್ನು ಪ್ರಶ್ನಿಸಿ ನಿವೃತ್ತರು 2024ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು.

ಅದು ದೂರದ ಮಾತು ಎನ್ನುವಂತಿಲ್ಲ. ಮೂಲಸೌಕರ್ಯ ಯೋಜನೆಗಳಿಗೆ ಸಾಲ ಕೊಡುತ್ತಿದ್ದ ಐಎಲ್ ಆ್ಯಂಡ್ ಎಫ್‌ಎಸ್ 2018ರಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲಿದಾಗ, ಕೆಲವೇ ವಾರಗಳ ಹಿಂದಿನವರೆಗೆ ಅತ್ಯುತ್ತಮ ದರ್ಜೆ ಹೊಂದಿದ್ದ ಅದರ ಸಾಲಪತ್ರಗಳು ಅನೇಕ ಭವಿಷ್ಯನಿಧಿ ಟ್ರಸ್ಟ್‌ಗಳ ಬಳಿ ಇದ್ದವು. ಮರುವರ್ಷ ಉತ್ತರ ಪ್ರದೇಶದ ವಿದ್ಯುತ್ ನೌಕರರ ಭವಿಷ್ಯನಿಧಿಯ 2,200 ಕೋಟಿ ರೂಪಾಯಿಗೂ ಹೆಚ್ಚು ಹಣ ಗೃಹಸಾಲ ಕಂಪನಿಯಾದ ಡಿಎಚ್‌ಎಫ್‌ಎಲ್‌ನಲ್ಲಿ ಸಿಕ್ಕಿಬಿತ್ತು. ಇತ್ತ ವಿಮಾ ಕ್ಷೇತ್ರದಲ್ಲಿ ವಿದೇಶಿ ಬಂಡವಾಳದ ಮಿತಿ ಶೇ. 26ರಿಂದ 49ಕ್ಕೆ, 2021ರಲ್ಲಿ 74ಕ್ಕೆ ಏರಿತು. ಅದನ್ನು ನೂರಕ್ಕೇರಿಸುವ ಘೋಷಣೆ 2025ರ ಬಜೆಟ್‌ನಲ್ಲಿ ಬಂತು. ಬಂಡವಾಳ ಬರುವುದನ್ನು ನಾನು ವಿರೋಧಿಸುತ್ತಿಲ್ಲ. ಆದರೆ ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆಯಿರುವಾಗ, ಎಲ್‌ಐಸಿ ಪಾಲಿಸಿಗಳಿಗೆ 1956ರ ಕಾಯ್ದೆಯ 37ನೆಯ ಕಲಮಿನಡಿ ಕೇಂದ್ರದ ಖಾತರಿಯಿರುವಾಗ, ಖಾಸಗಿ ವಿಮಾ ಕಂಪನಿಯ ವರ್ಷಾಶನದ ಹಿಂದೆ ಅಂಥ ಖಾತರಿ ಏಕಿಲ್ಲ? ವಿಮಾ ಕಂಪನಿಯ ಸಾಲತೀರುವಳಿ ಸಾಮರ್ಥ್ಯ (ಸಾಲ್ವೆನ್ಸಿ) ನಿಗದಿತ ಮಟ್ಟದ ಶೇ. 150ರಷ್ಟಿರಬೇಕೆಂಬ ನಿಯಮ ಅಗತ್ಯವಾದದ್ದೇ, ಆದರೆ ಅದು ಕಂಪನಿಯ ಆರೋಗ್ಯದ ಅಳತೆ. ಕಂಪನಿ ಬಿದ್ದ ಮೇಲೆ ನಿವೃತ್ತನ ಮನೆಗೆ ಹಣ ತಲುಪಿಸುವ ದಾರಿಯನ್ನು ಅದು ಹೇಳುವುದಿಲ್ಲ.

ನೆರೆಮನೆಯವರು ಎರಡು ದಿನ ಯೋಚಿಸಿ, ತಮ್ಮ ನಂತರ ಪತ್ನಿಗೂ ಹಣ ಬರುವ ಚೌಕಕ್ಕೆ ಗುರುತು ಹಾಕಿದರು. ಅವರು ಕೇಳಿದ ಪ್ರಶ್ನೆಗೆ ಉತ್ತರವೇನಾದರೂ ಇದೆಯೇ ಎಂದು ಆ ಅರ್ಜಿಯನ್ನು ಕೊನೆಯ ಪುಟದವರೆಗೆ ಇಬ್ಬರೂ ಕೂತು ಓದಿದೆವು, ಅಲ್ಲಿ ಇರಲಿಲ್ಲ.