ಮಗನಿಗೆ 18 ತುಂಬಿತು, ಜೀವನಾಂಶ ನಿಲ್ಲಿಸಬಹುದಾ ಸಾರ್?

"ಮಗನಿಗೆ 18 ತುಂಬಿತು ಸಾರ್, ಈ ತಿಂಗಳಿಂದ ದುಡ್ಡು ಹಾಕೋದು ನಿಲ್ಲಿಸಿಬಿಟ್ಟೆ." ಕೌಟುಂಬಿಕ ನ್ಯಾಯಾಲಯದ ಕೇಸು ನಡೆಸುವ ನನ್ನಂಥವರಿಗೆ ಇದು ಹಳೆಯ ಮಾತು. ನಾನು ಮೊದಲು ಕೇಳುವುದು ಆದೇಶದ ಪ್ರತಿ. ಬಹಳ ಮಂದಿ ತಂದಿರುವುದಿಲ್ಲ. ವರ್ಷಗಟ್ಟಲೆ ಹಣ ಕಟ್ಟಿರುತ್ತಾರೆ, ಕೊನೆಯ ಪುಟ ಓದಿರುವುದಿಲ್ಲ.

ಉತ್ತರ ಇರುವುದೇ ಆ ಪುಟದಲ್ಲಿ. "ಮಗ ವಯಸ್ಕನಾಗುವವರೆಗೆ ತಿಂಗಳಿಗೆ ಇಷ್ಟು" ಎಂದಿದ್ದರೆ ಅವನ ಪಾಲು ಅಲ್ಲಿಗೆ ಮುಗಿಯಿತು. ತೊಡಕಿರುವುದು "ಹೆಂಡತಿ ಮತ್ತು ಮಗನಿಗೆ ಸೇರಿ 12,000 ರೂಪಾಯಿ" ಎಂಬಂಥ ಆದೇಶದಲ್ಲಿ. ಅದರಲ್ಲಿ ಯಾರದೆಷ್ಟು? ಅರ್ಧರ್ಧ ಎಂದು ತಾವೇ ಲೆಕ್ಕ ಹಾಕಿ 6,000 ಕಳಿಸತೊಡಗುವವರಿದ್ದಾರೆ. ಆ ಭಾಗಾಕಾರ ನ್ಯಾಯಾಧೀಶರ ಕೆಲಸ, ನಿಮ್ಮದಲ್ಲ. ಕೊಡದೆ ಉಳಿಸಿದ್ದು ಬಾಕಿಯಾಗಿ ಬೆಳೆಯುತ್ತದೆ. ಬಾಕಿಯಾದ ಒಂದು ವರ್ಷದೊಳಗೆ ಆಕೆ ಅರ್ಜಿ ಹಾಕಿದರೆ ವಸೂಲಿ ವಾರಂಟ್ ಹೊರಡಬಹುದು. ಆಗಲೂ ಕಟ್ಟದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು.

ಮೊತ್ತ ಬದಲಿಸಿಕೊಳ್ಳಲು ದಾರಿ ಇದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 127ನೇ ಕಲಂ ಇತ್ತು; 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂ ಬಂದಿದೆ. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿ ಅರ್ಜಿ ಹಾಕಬೇಕು. ಆದರೆ ಆ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ. ನಿಮ್ಮ ಸಂಬಳ ಏರಿದ್ದರೆ, ಮಗನ ಪಾಲು ಕಳೆದರೂ ತಾಯಿಯ ಪಾಲು ಹೆಚ್ಚಬಹುದು. ಆದಾಯ ಮುಚ್ಚಿಡುವುದೂ ಈಗ ಸುಲಭವಲ್ಲ: 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಕೊಡಬೇಕು.

ಮಗಳಿದ್ದರೆ ಲೆಕ್ಕವೇ ಬೇರೆ. ಸಂಹಿತೆಯ ಪ್ರಕಾರ ವಯಸ್ಕ ಮಕ್ಕಳಿಗೆ ಜೀವನಾಂಶ ಸಿಗುವುದು ದೈಹಿಕ ಅಥವಾ ಮಾನಸಿಕ ಊನದಿಂದ ದುಡಿಯಲಾಗದಿದ್ದರೆ ಮಾತ್ರ. ಆದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ, ಸ್ವಂತ ಗಳಿಕೆ ಅಥವಾ ಆಸ್ತಿಯಿಂದ ಬದುಕಲಾಗದ ಅವಿವಾಹಿತ ಮಗಳಿಗೆ 18ರ ನಂತರವೂ ಹಕ್ಕು ಕೊಡುತ್ತದೆ. ಮದುವೆಯ ಯುಕ್ತ ಖರ್ಚೂ ಅದರಲ್ಲಿ ಸೇರಿದೆ. 2020ರ ಅಭಿಲಾಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವೆರಡನ್ನೂ ಬಿಡಿಸಿ ಹೇಳಿತು: ಸಂಹಿತೆಯಡಿ ಬರುವುದಿಲ್ಲ, ಕಾಯ್ದೆಯಡಿ ಕೇಳಬಹುದು. ಹಾಗಾಗಿ ಮಗಳ ವಿಷಯದಲ್ಲಿ ಒಂದು ಅರ್ಜಿ ಗೆದ್ದೆನೆಂದು ಕುಣಿಯುವ ಅಪ್ಪನಿಗೆ ಇನ್ನೊಂದು ನೋಟಿಸು ಬರಬಹುದು.

ಕಾಲೇಜಿನಲ್ಲಿ ಓದುತ್ತಿರುವ ಮಗನಿಗೆ ಈ ಕಾಯ್ದೆ ಅಂಥ ಹಕ್ಕು ಕೊಟ್ಟಿಲ್ಲ. ಇದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. 18ಕ್ಕೆ ಪಿಯುಸಿ ಮುಗಿದಿರುತ್ತದೆ ಅಷ್ಟೆ, ದೊಡ್ಡ ಫೀಸು ಶುರುವಾಗುವುದೇ ಆಮೇಲೆ. 2021ರಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಗಮನಿಸಿ, ಮಗನ ಹೊರೆಯನ್ನು ತಾಯಿಯೊಬ್ಬಳ ಮೇಲೆ ಹೊರಿಸಲಾಗದೆಂದು ಆಕೆಗೆ ತಿಂಗಳಿಗೆ 15,000 ರೂಪಾಯಿ ಮಧ್ಯಂತರ ಜೀವನಾಂಶ ಕೊಡಿಸಿತು, ಮಗ ಪದವಿ ಮುಗಿಸುವವರೆಗೆ ಅಥವಾ ದುಡಿಯತೊಡಗುವವರೆಗೆ. ರಾಜಿ ಪತ್ರದಲ್ಲೇ "ಪದವಿ ಮುಗಿಯುವವರೆಗೆ" ಎಂದು ಬರೆಸಿಕೊಂಡ ತಾಯಂದಿರಿಗೆ ಇಷ್ಟು ಅಲೆದಾಟ ಇರುವುದಿಲ್ಲ.

ನಿಲ್ಲಿಸಿಬಿಟ್ಟೆ ಎಂದು ಬರುವವರಿಗೆ ನಾನು ಹೇಳುವುದು: ಈ ತಿಂಗಳದನ್ನು ಪೂರ್ತಿ ಕಟ್ಟಿ, ಬ್ಯಾಂಕ್ ಮೂಲಕವೇ ಕಟ್ಟಿ. ಆದೇಶದ ಪ್ರಮಾಣಿತ ಪ್ರತಿ, ಜನ್ಮದಿನಾಂಕಕ್ಕೆ ಮಗನ ಮಾರ್ಕ್ಸ್ ಕಾರ್ಡ್, ನಿಮ್ಮ ಸಂಬಳದ ಚೀಟಿ ತನ್ನಿ. ಅರ್ಜಿ ಆಮೇಲೆ ಬರೆಯೋಣ.